ಅಂಡದಲ್ಲಿ ಇಲ್ಲದ ಚುಕ್ಕೆ: ಥಿಯೋಡೋರ್ ಬೊವೇರಿ

ಬೆಂಗಳೂರಿನ ಪೀಣ್ಯ ಕಡೆ ಓಡಾಡಿದವರಿಗೆ ಎಬಿಬಿ ಅನ್ನೋ ಕೆಂಪು ಅಕ್ಷರದ ಬೋರ್ಡು ಗೊತ್ತಿರುತ್ತೆ. ನಮ್ಮ ಎಲೆಕ್ಟ್ರಿಕಲ್ ಗೆಳೆಯರಿಗಂತೂ ಅದು ಮನೆಮಾತು. ಆ ಹೆಸರಿನ ಕೊನೆಯ 'ಬಿ' ಯಾರದ್ದು ಅಂತ ಕೇಳಿದರೆ ಮಾತ್ರ ಬಹಳ ಜನ ತಲೆ ಕೆರೆದುಕೊಳ್ತಾರೆ. ಅದು ವಾಲ್ಟರ್ ಬೊವೇರಿ ಅವರದ್ದು. 1891ರಲ್ಲಿ ಚಾರ್ಲ್ಸ್ ಬ್ರೌನ್ ಜೊತೆ ಸೇರಿ ಸ್ವಿಟ್ಜರ್ಲೆಂಡಿನ ಬಾಡೆನ್ ಊರಲ್ಲಿ ವಿದ್ಯುತ್ ಯಂತ್ರಗಳ ಕಂಪನಿ ಶುರು ಮಾಡಿದವರು. ಆ ಕಂಪನಿ 1988ರಲ್ಲಿ ಸ್ವೀಡನ್‌ನ ಅಸಿಯಾ ಜೊತೆ ಸೇರಿ ಎಬಿಬಿ ಆಯಿತು.

ನಾವು ಇಲ್ಲಿ ಬರೆಯಹೊರಟಿರೋದು ವಾಲ್ಟರ್ ಬಗ್ಗೆ ಅಲ್ಲ, ಅವರ ಅಣ್ಣ ಥಿಯೋಡೋರ್ ಬಗ್ಗೆ. ಪಿಯುಸಿಯಲ್ಲಿ ಬಯಾಲಜಿ ಓದಿದವರು ಈ ಹೆಸರನ್ನು ಒಂದು ಸಲ ಉರು ಹೊಡೆದಿರ್ತೀರಿ. ಸಟನ್ ಮತ್ತು ಬೊವೇರಿ, ಕ್ರೋಮೋಸೋಮ್ ಸಿದ್ಧಾಂತ, ಎರಡು ಅಂಕ. ಅಷ್ಟಕ್ಕೆ ಪುಟ ತಿರುಗಿಸಿಬಿಡ್ತೀವಿ. ಜರ್ಮನಿಗೆ ಬಂದ ಮೇಲೆ ಫ್ರಾಂಕ್‌ಫರ್ಟ್‌ನಿಂದ ನ್ಯೂರೆಂಬರ್ಗ್ ಕಡೆ ರೈಲಲ್ಲಿ ಹೋಗುವಾಗ ಮಧ್ಯೆ ಸಿಗುವ ವ್ಯೂರ್ಟ್ಸ್‌ಬುರ್ಗ್ ಊರಲ್ಲೇ ಆ ಮನುಷ್ಯ ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದು, ಅಲ್ಲಿಯ ವಿಶ್ವವಿದ್ಯಾಲಯದ ಜೀವವಿಜ್ಞಾನ ಸಂಸ್ಥೆಗೆ ಇವತ್ತಿಗೂ ಅವರದ್ದೇ ಹೆಸರಿರೋದು ಅಂತ ತಿಳಿದಾಗ, ಆ ಎರಡು ಅಂಕದ ಹಿಂದೆ ಏನಿತ್ತು ಅಂತ ನೋಡೋಣ ಅನ್ನಿಸಿತು.

ಥಿಯೋಡೋರ್ ಬೊವೇರಿ ಹುಟ್ಟಿದ್ದು 1862ರ ಅಕ್ಟೋಬರ್ 12ರಂದು, ಬವೇರಿಯಾದ ಬಾಂಬೆರ್ಗ್‌ನಲ್ಲಿ. ತಂದೆ ವೈದ್ಯರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ಚಿತ್ರ ಬರೆಯೋದು, ಸಂಗೀತ, ಎರಡರಲ್ಲೂ ಕೈ ಪಳಗಿತ್ತು. 1881ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯ ಸೇರಿದಾಗ ಆರಿಸಿಕೊಂಡ ವಿಷಯ ಇತಿಹಾಸ ಮತ್ತು ತತ್ತ್ವಶಾಸ್ತ್ರ. ಸ್ವಲ್ಪ ದಿನದಲ್ಲೇ ಮನಸ್ಸು ಬದಲಾಯಿಸಿ ಅಂಗರಚನೆಯ ಕಡೆ ಹೊರಳಿದರು. ಸೆಮಿಸ್ಟರ್ ಮಧ್ಯದಲ್ಲಿ ಕೋರ್ಸ್ ಬದಲಾಯಿಸಿ ಊರಿಗೆ ಫೋನ್ ಮಾಡಿ ವಿವರಣೆ ಕೊಟ್ಟ ಅನುಭವ ನಮ್ಮಲ್ಲೂ ಕೆಲವರಿಗಿದೆ, ಹಾಗಾಗಿ ಈ ಭಾಗ ನಮಗೆ ಇಷ್ಟ ಆಯ್ತು. 1885ರಲ್ಲಿ ನರತಂತುಗಳ ಮೇಲೆ ಡಾಕ್ಟರೇಟ್ ಮುಗಿಯಿತು. ಹಲವು ವರ್ಷ ಯಾವ ಪಾಠದ ಹೊರೆಯೂ ಇಲ್ಲದೆ ಸಂಶೋಧನೆ ಮಾಡಲು ಒಂದು ಸ್ಕಾಲರ್‌ಶಿಪ್ ಸಿಕ್ಕಿತು. ಮ್ಯೂನಿಕ್‌ನಲ್ಲೇ ರಿಚರ್ಡ್ ಹೆರ್ಟ್‌ವಿಗ್ ಅವರ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂತರು. ಬೊವೇರಿ ಅವರ ದೊಡ್ಡ ಕೆಲಸವೆಲ್ಲ ಅಲ್ಲಿಂದ ಶುರು.

ಅವರು ನೋಡುತ್ತಿದ್ದದ್ದು ಜಂತುಹುಳುವಿನ ಅಂಡ. ಕುದುರೆಯ ಕರುಳಲ್ಲಿ ಬೆಳೆಯುವ ದೊಡ್ಡ ಜಂತುಹುಳು. ಕೇಳೋಕೆ ಅಸಹ್ಯ ಅನ್ನಿಸಿದರೂ ಕೋಶ ನೋಡುವವರಿಗೆ ಅದಕ್ಕಿಂತ ಒಳ್ಳೆಯ ವಸ್ತು ಆಗ ಇರಲಿಲ್ಲ. ನಮ್ಮ ಕೋಶದಲ್ಲಿ 46 ಕ್ರೋಮೋಸೋಮ್ ಇದ್ದರೆ ಈ ಹುಳುವಿನ ಬೀಜಕೋಶಗಳಲ್ಲಿ ಇರೋದು ನಾಲ್ಕು, ಇನ್ನೊಂದು ಬಗೆಯಲ್ಲಿ ಬರೀ ಎರಡು. ಎಣಿಸೋದು ಸುಲಭ, ಯಾವುದು ಎಲ್ಲಿ ಹೋಯಿತು ಅಂತ ಹಿಂಬಾಲಿಸೋದೂ ಸುಲಭ. ಬೆಲ್ಜಿಯಮ್‌ನ ಎಡ್ವರ್ಡ್ ವಾನ್ ಬೆನೆಡೆನ್ 1883ರಲ್ಲೇ ಇದೇ ಹುಳುವನ್ನು ನೋಡಿ, ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಕ್ರೋಮೋಸೋಮ್ ಬರುತ್ತವೆ ಅಂತ ತೋರಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಕದಿರಿನ ವಿಷಯ ಬರದೆ ಮುಂದಿನ ಕಥೆ ಅರ್ಥ ಆಗಲ್ಲ. ಚರಕದಲ್ಲಿ ನೂಲು ಸುತ್ತಿಕೊಳ್ಳುವ ಕಡ್ಡಿ ಇರುತ್ತಲ್ಲ, ಅದು ಕದಿರು. ನೂಲು ಸುತ್ತಿದಾಗ ನಡುವೆ ಉಬ್ಬಿ ಎರಡೂ ತುದಿ ಚೂಪಾಗುತ್ತೆ. ಕೋಶ ಎರಡಾಗುವಾಗ ಒಳಗೆ ಅದೇ ಆಕಾರದ ಒಂದು ರಚನೆ ಎದ್ದು ನಿಲ್ಲುತ್ತೆ. ಎರಡು ತುದಿಯಿಂದ ಎಳೆಗಳು ಹೊರಟು ನಡುವೆ ಸಾಲಾಗಿ ನಿಂತ ಕ್ರೋಮೋಸೋಮ್‌ಗಳನ್ನು ಹಿಡಿದುಕೊಳ್ಳುತ್ತವೆ, ಆಮೇಲೆ ಎರಡು ಕಡೆಗೆ ಪಾಲು ಮಾಡಿ ಎಳೆಯುತ್ತವೆ. ಕೆಲಸ ಮುಗಿದ ಮೇಲೆ ಕದಿರು ಕರಗಿ ಮಾಯ. ಮೈಯ ಸಾಮಾನ್ಯ ಕೋಶಗಳಲ್ಲಿ ಈ ಕದಿರಿನ ಎರಡು ತುದಿಯಲ್ಲೂ ಒಂದೊಂದು ಸಣ್ಣ ಚುಕ್ಕೆ ಇರುತ್ತೆ. ಎಳೆಗಳು ಅದರಿಂದಲೇ ಸೂರ್ಯನ ಕಿರಣದ ಹಾಗೆ ಹೊರಡುತ್ತವೆ. ಪ್ರತಿ ವಿಭಜನೆಗೆ ಮುಂಚೆ ಚುಕ್ಕೆ ತಾನೂ ಎರಡಾಗಿ ಕೋಶದ ಎರಡು ಬದಿಗೆ ಹೋಗಿ ನಿಲ್ಲುತ್ತೆ. ಬೊವೇರಿ 1888ರಲ್ಲಿ ಈ ಚುಕ್ಕೆಗೆ ಸೆಂಟ್ರೋಸೋಮ್ ಅಂತ ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು.

ಅವರ ನಿಜವಾದ ಗಟ್ಟಿತನ ಇರೋದು ಚುಕ್ಕೆಯನ್ನು ಕಂಡದ್ದರಲ್ಲಿ ಅಲ್ಲ, ಅದು ಎಲ್ಲಿ ಇಲ್ಲ ಅಂತ ಗಮನಿಸಿದ್ದರಲ್ಲಿ ಅಂತ ನಮ್ಮ ಅಭಿಪ್ರಾಯ. ಅಂಡ ತಾಯ್ತನಕ್ಕೆ ಸಿದ್ಧವಾಗುವಾಗ ಎರಡು ಸಲ ವಿಶೇಷ ರೀತಿಯಲ್ಲಿ ವಿಭಜನೆ ಆಗುತ್ತೆ, ಅದೇ ಮಿಯಾಸಿಸ್. ಕ್ರೋಮೋಸೋಮ್ ಸಂಖ್ಯೆ ಅರ್ಧಕ್ಕೆ ಇಳಿಯೋದು ಇದರಲ್ಲೇ. ಆದರೆ ಈ ಪಾಲು ಅಣ್ಣತಮ್ಮಂದಿರ ಸಮಪಾಲಲ್ಲ. ದಾಖಲೆಪತ್ರ ಇಬ್ಬರಿಗೂ ಸಮ, ಮನೆ, ಹೊಲ, ಕಣಜದ ಭತ್ತ ಎಲ್ಲ ಒಬ್ಬನಿಗೇ. ಮುಂದೆ ಭ್ರೂಣಕ್ಕೆ ಬೇಕಾದ ಆಹಾರವನ್ನೆಲ್ಲ ಅಂಡ ತನ್ನಲ್ಲೇ ಇಟ್ಟುಕೊಂಡು, ಬೇಡದ ಕ್ರೋಮೋಸೋಮ್‌ಗಳನ್ನು ಒಂದು ಪುಟ್ಟ ಗುಳ್ಳೆಯಲ್ಲಿ ಹೊರಗೆ ತಳ್ಳುತ್ತೆ. ಪೋಲಾರ್ ಬಾಡಿ ಅಂತ ಓದಿದ್ದು ಇದನ್ನೇ. ಹಾಗಾಗಿ ಕದಿರು ಅಂಡದ ನಡುವೆ ನಿಲ್ಲದೆ ಅಂಚಿಗೆ ಬಂದು ನಿಲ್ಲಬೇಕಾಗುತ್ತೆ.

1887ರಲ್ಲಿ ಪ್ರಕಟಿಸಿದ ಮೊದಲ ಕೋಶ ಅಧ್ಯಯನದಲ್ಲಿ ಬೊವೇರಿ ಈ ಗುಳ್ಳೆ ಹುಟ್ಟುವುದನ್ನೇ ಹೆಜ್ಜೆಹೆಜ್ಜೆಯಾಗಿ ವಿವರಿಸಿದರು. ಜಂತುಹುಳುವಿನ ಅಂಡದ ಅಂಚಲ್ಲಿ ನಿಂತ ಆ ಕದಿರು ಬೇರೆ ಥರ ಇತ್ತು. ತುದಿಗಳು ಚೂಪಲ್ಲ, ಪೀಪಾಯಿಯ ಹಾಗೆ ಮೊಂಡು. ತುದಿಯಲ್ಲಿ ಚುಕ್ಕೆ ಇಲ್ಲ, ಕಿರಣಗಳೂ ಇಲ್ಲ. ಈ ಹುಳುವಿನಲ್ಲಿ ಅಂಡದ ಮಿಯಾಸಿಸ್ ಮುಗಿಯುವ ಮುಂಚೆಯೇ ವೀರ್ಯಾಣು ಒಳಗೆ ಬಂದು ಕೂತಿರುತ್ತೆ. ಅದು ತನ್ನ ಪಾಡಿಗೆ ಸುಮ್ಮನಿರುತ್ತೆ, ಅಂಡ ತನ್ನ ಎರಡು ವಿಭಜನೆಗಳನ್ನು ಚುಕ್ಕೆಯಿಲ್ಲದ ಕದಿರಿನಿಂದಲೇ ಮುಗಿಸುತ್ತೆ. ಆಮೇಲೆ ವೀರ್ಯಾಣುವಿನ ಹತ್ತಿರ ಚುಕ್ಕೆ ಕಾಣಿಸಿಕೊಂಡು, ಎರಡಾಗಿ, ಭ್ರೂಣದ ಮೊದಲ ಕದಿರನ್ನು ಕಟ್ಟುತ್ತೆ.

ಇದರಿಂದ ಬೊವೇರಿ ಒಂದು ಧೈರ್ಯದ ತೀರ್ಮಾನಕ್ಕೆ ಬಂದರು. ಅಂಡ ಬೆಳೆಯುವಾಗ ತನ್ನ ಸೆಂಟ್ರೋಸೋಮ್ ಕಳೆದುಕೊಳ್ಳುತ್ತೆ, ಅದಕ್ಕೇ ಒಂದೇ ಅಂಡ ತಾನಾಗಿ ಮರಿಯಾಗಲಾರದು. ವೀರ್ಯಾಣುವಿನಲ್ಲಿ ಸೆಂಟ್ರೋಸೋಮ್ ಇದೆ, ಆದರೆ ಅದು ಕೆಲಸ ಮಾಡಲು ಬೇಕಾದ ಕೋಶರಸ ಇಲ್ಲ. ಒಂದಕ್ಕೊಂದು ಸೇರಿದಾಗ ಮಾತ್ರ ಜೀವ ಮುಂದುವರಿಯುತ್ತೆ. ಮೈಟೋಕಾಂಡ್ರಿಯಾ ಅಮ್ಮನಿಂದ ಮಾತ್ರ ಬರುತ್ತೆ ಅನ್ನೋ ವಾಟ್ಸಾಪ್ ಸಂದೇಶ ಎಲ್ಲರಿಗೂ ಬಂದಿರುತ್ತೆ. ಮನುಷ್ಯರಲ್ಲಿ ಸೆಂಟ್ರೋಸೋಮ್‌ನ ಮೂಲ ಅಪ್ಪನ ಕಡೆಯದು, ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಈ ಸಿದ್ಧಾಂತ ಹೂವಿನ ಹಾದಿಯಲ್ಲೇನೂ ನಡೆಯಲಿಲ್ಲ. 1899ರಲ್ಲಿ ಜಾಕ್ ಲೋಬ್ ಅಮೆರಿಕದಲ್ಲಿ ಸೀ ಅರ್ಚಿನ್ ಅಂಡಗಳನ್ನು ಬರೀ ಉಪ್ಪಿನ ದ್ರಾವಣದ ಉಪಚಾರದಿಂದ, ವೀರ್ಯಾಣುವೇ ಇಲ್ಲದೆ, ಮರಿಹಂತದ ತನಕ ಬೆಳೆಸಿದರು. ಚುಕ್ಕೆ ಅಪ್ಪನಿಂದಲೇ ಬರಬೇಕು ಅನ್ನೋದಾದರೆ ಇದು ಹೇಗೆ? ಅಗತ್ಯ ಬಿದ್ದರೆ ಅಂಡ ಹೊಸದಾಗಿ ಚುಕ್ಕೆ ಕಟ್ಟಿಕೊಳ್ಳಬಲ್ಲದು ಅಂತ ಈಗ ಗೊತ್ತು. ಇಲಿಗಳಲ್ಲಂತೂ ವೀರ್ಯಾಣು ಚುಕ್ಕೆ ತರೋದೇ ಇಲ್ಲ, ಭ್ರೂಣ ಕೆಲವು ವಿಭಜನೆ ಆದ ಮೇಲೆ ತಾನೇ ಮಾಡಿಕೊಳ್ಳುತ್ತೆ. ಬೊವೇರಿ ಹೇಳಿದ್ದು ಎಲ್ಲ ಪ್ರಾಣಿಗೂ ಅಕ್ಷರಶಃ ಒಪ್ಪಲಿಲ್ಲ. ಆದರೆ ಅಂಡದ ಮಿಯಾಸಿಸ್ ಕದಿರಿಗೆ ಸೆಂಟ್ರೋಸೋಮ್ ಆಸರೆ ಇಲ್ಲ ಅಂತ ಅವರು ಹುಳುವಿನಲ್ಲಿ ಕಂಡದ್ದು ಇಲಿಯಲ್ಲೂ, ಹಸುವಿನಲ್ಲೂ, ಮನುಷ್ಯರಲ್ಲೂ ನಿಜ ಅಂತ ಆಯಿತು.

ಹಾಗಾದರೆ ಆಸರೆಯೇ ಇಲ್ಲದ ಕದಿರು ನಿಲ್ಲೋದು ಹೇಗೆ? ಇದಕ್ಕೆ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಂಡದಲ್ಲಿ ಕ್ರೋಮೋಸೋಮ್‌ಗಳೇ ಮೇಸ್ತ್ರಿ ಕೆಲಸ ಮಾಡುತ್ತವೆ. ಅವುಗಳ ಸುತ್ತ ರ‍್ಯಾನ್ ಅನ್ನುವ ಪ್ರೋಟೀನು ಚುರುಕಾಗಿರುತ್ತೆ, ಅದರ ಪ್ರಭಾವದಲ್ಲಿ ಮೈಕ್ರೋಟ್ಯೂಬ್ಯೂಲ್ ಎಳೆಗಳು ಅಲ್ಲೇ ಹುಟ್ಟುತ್ತವೆ. ಮೊದಲು ಅದೊಂದು ಅಂಕೆಯಿಲ್ಲದ ಪೊದೆ. ಆಮೇಲೆ ಮೋಟಾರ್ ಪ್ರೋಟೀನುಗಳು ಕೈಹಾಕುತ್ತವೆ. ಒಂದು ಜಾತಿಯವು ಎಳೆಗಳನ್ನು ಎರಡು ದಿಕ್ಕಿಗೆ ದೂಡುತ್ತವೆ, ಇನ್ನೊಂದು ಜಾತಿಯವು ತುದಿಗಳನ್ನು ಒಟ್ಟುಗೂಡಿಸಿ ಕಟ್ಟುತ್ತವೆ. ಹೊರೆ ಕಟ್ಟಿದ ಹಾಗೆ ಕದಿರು ಮೂಡುತ್ತೆ. ಕಟ್ಟಿದರೆ ಮುಗಿಯಲಿಲ್ಲ. ಅಂಡ ಎರಡನೇ ವಿಭಜನೆಯ ನಡುವೆ ಕದಿರನ್ನು ಹಾಗೇ ಹಿಡಿದುಕೊಂಡು ವೀರ್ಯಾಣು ಬರುವ ತನಕ ಗಂಟೆಗಟ್ಟಲೆ ಕಾಯಬೇಕು. ಒಂದೊಂದು ಎಳೆಯೂ ಕ್ಷಣಕ್ಷಣ ಬೆಳೆಯುತ್ತ ಕುಸಿಯುತ್ತ ಇರುತ್ತೆ, ಒಟ್ಟು ಆಕಾರ ಮಾತ್ರ ಕದಲಬಾರದು. ಇಲಿಯ ಅಂಡದಲ್ಲಿ ಈ ಕೆಲಸಕ್ಕೆ ನೆರವಾಗಲು ಎಳೆ ಹುಟ್ಟಿಸುವ ಸುಮಾರು ಎಂಬತ್ತು ಸಣ್ಣ ಕೇಂದ್ರಗಳು ಕೂಡಿಕೊಂಡು ಎರಡು ತುದಿಗಳಾಗುತ್ತವೆ. ಮನುಷ್ಯರ ಅಂಡದಲ್ಲಿ ಅಂಥ ಅನುಕೂಲ ಇಲ್ಲ.

2015ರಲ್ಲಿ ಕೇಂಬ್ರಿಜ್‌ನಲ್ಲಿ ಮೆಲಿನಾ ಶೂ ಅವರ ತಂಡ ಮನುಷ್ಯರ ಅಂಡದಲ್ಲಿ ಕದಿರು ಮೂಡುವುದನ್ನು ನೇರವಾಗಿ ನೋಡಿತು. ಸಾಮಾನ್ಯ ಕೋಶ ಅರ್ಧ ಗಂಟೆಯ ಹೊತ್ತಲ್ಲಿ ಮುಗಿಸುವ ಕೆಲಸಕ್ಕೆ ಅಲ್ಲಿ ಸುಮಾರು 16 ಗಂಟೆ ಹಿಡಿಯಿತು. ಅಷ್ಟರಲ್ಲಿ ಬಹುಪಾಲು ಅಂಡಗಳ ಕದಿರು ನಡುನಡುವೆ ಸಡಿಲವಾಗುತ್ತಿತ್ತು, ಎರಡು ತುದಿ ಮೂರಾಗಿ ನಾಲ್ಕಾಗಿ ಮತ್ತೆ ಎರಡಾಗುತ್ತಿತ್ತು. ಅಂಥ ಹೊತ್ತಲ್ಲಿ ಕ್ರೋಮೋಸೋಮ್ ತಪ್ಪು ತುದಿಗೆ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹೆಚ್ಚು. ಇದೇ ತಂಡ ಗೋಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ 2022ರಲ್ಲಿ ಒಂದು ಕಾರಣವನ್ನೂ ಹೇಳಿತು. ಎಳೆಗಳನ್ನು ಒಟ್ಟಿಗೆ ಬಿಗಿಯುವ ಕೆಐಎಫ್‌ಸಿ1 ಅನ್ನುವ ಮೋಟಾರ್ ಪ್ರೋಟೀನು ಬೇರೆ ಸಸ್ತನಿಗಳ ಅಂಡಕ್ಕೆ ಹೋಲಿಸಿದರೆ ಮನುಷ್ಯರ ಅಂಡದಲ್ಲಿ ತೀರಾ ಕಡಿಮೆ. ಹೊರಗಿನಿಂದ ಅದನ್ನು ಸೇರಿಸಿದಾಗ ಕದಿರು ಗಟ್ಟಿಯಾಗಿ ನಿಂತಿತು, ತಪ್ಪು ಪಾಲುಗಳೂ ಕಡಿಮೆಯಾದವು. ಪ್ರಯೋಗಾಲಯದ ಮಾತು ಇದು, ಆಸ್ಪತ್ರೆಯ ಚಿಕಿತ್ಸೆ ಅಂತ ಯಾರೂ ತಿಳಿಯಬಾರದು. ಆದರೂ ಗರ್ಭಪಾತ ಆದಾಗ ಹೆಂಗಸು ಪಪ್ಪಾಯಿ ತಿಂದಳು, ಭಾರ ಎತ್ತಿದಳು, ಗ್ರಹಣ ನೋಡಿದಳು ಅಂತ ದೂರುವ ಮನೆಗಳಲ್ಲಿ ಬೆಳೆದ ನಮಗೆ ಇದು ಸಣ್ಣ ವಿಷಯ ಅಲ್ಲ. ಮೊದಲ ತಿಂಗಳುಗಳಲ್ಲೇ ನಿಂತುಹೋಗುವ ಗರ್ಭಗಳಲ್ಲಿ ಬಹಳಷ್ಟಕ್ಕೆ ಕಾರಣ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದು, ಆ ಲೆಕ್ಕ ಹೆಚ್ಚಾಗಿ ತಪ್ಪುವುದು ಅಂಡದ ಮಿಯಾಸಿಸ್‌ನಲ್ಲಿ, ಗರ್ಭ ನಿಲ್ಲುವ ಮುಂಚೆಯೇ.

ಮತ್ತೆ ಬೊವೇರಿ ಕಡೆಗೆ. ಕೆಲಸ ಹೀಗೆ ಓಡುತ್ತಿದ್ದಾಗಲೇ, 1890ರ ಆಸುಪಾಸಿನಲ್ಲಿ, ಅವರ ಆರೋಗ್ಯ ಮುರಿಯಿತು. ಜೊತೆಗೆ ಗಾಢವಾದ ಖಿನ್ನತೆ. ಕೆಲಸ ಬಿಟ್ಟು ವಿಶ್ರಾಂತಿಗೆ ಹೋಗಬೇಕಾಯಿತು. ಆಮೇಲೂ ಈ ಕಾಯಿಲೆ ಅವರನ್ನು ಪೂರ್ತಿ ಬಿಡಲಿಲ್ಲ, ಬರುತ್ತಿತ್ತು, ಹೋಗುತ್ತಿತ್ತು. 1893ರಲ್ಲಿ, ಇನ್ನೂ ಮೂವತ್ತು ದಾಟಿದ್ದಷ್ಟೇ, ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆದರು. ಅದೇ ಊರಲ್ಲಿ 1895ರ ನವೆಂಬರ್‌ನಲ್ಲಿ ಎಕ್ಸ್-ರೇ ಕಂಡುಹಿಡಿದ ರೋಂಟ್‌ಗೆನ್ ಅವರ ಸಹೋದ್ಯೋಗಿ, ಸ್ನೇಹಿತ.

1896ರಲ್ಲಿ ಅಮೆರಿಕದಿಂದ ಒಬ್ಬ ಹೆಣ್ಣುಮಗಳು ಬೊವೇರಿ ಪ್ರಯೋಗಾಲಯಕ್ಕೆ ಬಂದರು. ಮಾರ್ಸೆಲ್ಲಾ ಓಗ್ರೇಡಿ. ಬಾಸ್ಟನ್ನಿನವರು, 1885ರಲ್ಲಿ ಎಂಐಟಿಯಿಂದ ಜೀವಶಾಸ್ತ್ರದಲ್ಲಿ ಪದವಿ ಪಡೆದ ಮೊದಲ ಮಹಿಳೆ, ವಾಸರ್ ಕಾಲೇಜಿನಲ್ಲಿ ಪ್ರೊಫೆಸರ್. ಬವೇರಿಯಾದ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ರೀತಿಪ್ರಕಾರ ಸೇರಿಸಿಕೊಳ್ಳಲು ಶುರು ಮಾಡಿದ್ದು 1903ರಲ್ಲಿ. ಅದಕ್ಕೆ ಏಳು ವರ್ಷ ಮುಂಚೆ ಇವರು ವಿಶೇಷ ಅನುಮತಿ ಪಡೆದು ಅಲ್ಲಿ ಕೆಲಸಕ್ಕೆ ಕೂತರು. ವೀಸಾ, ಅಡ್ಮಿಷನ್ ಪತ್ರ ಅಂತ ಒದ್ದಾಡುವ ನಮಗೆ ಆ ಧೈರ್ಯದ ಅಂದಾಜು ಸ್ವಲ್ಪ ಆಗಬಹುದು. ಮರುವರ್ಷ ಇಬ್ಬರಿಗೂ ಮದುವೆಯಾಯಿತು. 1900ರಲ್ಲಿ ಹುಟ್ಟಿದ ಮಗಳು ಮಾರ್ಗ್ರೆಟ್ ಮುಂದೆ ಜರ್ಮನಿಯ ಹೆಸರಾಂತ ಪತ್ರಕರ್ತೆಯಾದರು.

ಇಟಲಿಯ ನೇಪಲ್ಸ್‌ನಲ್ಲಿ ಕಡಲ ತೀರದಲ್ಲೇ ಒಂದು ಪ್ರಾಣಿಶಾಸ್ತ್ರ ಕೇಂದ್ರ ಇದೆ. ಆಂಟೋನ್ ಡೋರ್ನ್ 1872ರಲ್ಲಿ ಕಟ್ಟಿದ್ದು. ಬೊವೇರಿ ಮತ್ತೆಮತ್ತೆ ಅಲ್ಲಿಗೆ ಹೋಗುತ್ತಿದ್ದರು, ಸೀ ಅರ್ಚಿನ್ ಅನ್ನುವ ಮುಳ್ಳುಚೆಂಡಿನಂಥ ಜೀವಿಯ ಅಂಡಕ್ಕಾಗಿ. 1901–02ರ ಚಳಿಗಾಲದಲ್ಲಿ ಗಂಡ ಹೆಂಡತಿ ಸೇರಿ ಮಾಡಿದ ಪ್ರಯೋಗವೇ ಪಿಯುಸಿ ಪುಸ್ತಕದ ಆ ಸಾಲಿಗೆ ಆಧಾರ. ಪ್ರಬಂಧದ ಮೇಲೆ ಮಾತ್ರ ಒಂದೇ ಹೆಸರಿದೆ, ಇದನ್ನು ಹೇಳದೆ ಮುಂದೆ ಹೋಗೋಕೆ ನಮಗೆ ಮನಸ್ಸಾಗಲಿಲ್ಲ.

ವೀರ್ಯಾಣು ಬಹಳ ದಟ್ಟವಾಗಿದ್ದಾಗ ಕೆಲವು ಅಂಡಗಳಿಗೆ ಒಂದರ ಬದಲು ಎರಡು ನುಗ್ಗುತ್ತವೆ. ಆಗ ಚುಕ್ಕೆಗಳೂ ಎರಡು ಬರುತ್ತವೆ, ಎರಡೂ ಇಬ್ಭಾಗವಾಗಿ ನಾಲ್ಕು ತುದಿ ಆಗುತ್ತವೆ. ಅಮ್ಮನದ್ದು 18 ಕ್ರೋಮೋಸೋಮ್, ಇಬ್ಬರು ಅಪ್ಪಂದಿರದ್ದು 18ರ ಹಾಗೆ 36, ಒಟ್ಟು 54. ಅವು ದ್ವಿಗುಣವಾಗಿ 108. ಆ 108ನ್ನು ನಾಲ್ಕು ದಿಕ್ಕಿನಿಂದ ಎಳೆದಾಗ ಯಾರಿಗೆ ಯಾವುದು ಸಿಗುತ್ತೆ ಅನ್ನೋದಕ್ಕೆ ಲೆಕ್ಕವೇ ಇಲ್ಲ. ಅಂಡ ಒಮ್ಮೆಗೇ ನಾಲ್ಕು ಕೋಶ ಆಗುತ್ತೆ, ಬೆಳೆಯುತ್ತೆ, ಕೆಡುತ್ತೆ. ಸಾಮಾನ್ಯ ಅಂಡದ ಮೊದಲ ನಾಲ್ಕು ಕೋಶಗಳನ್ನು ಕ್ಯಾಲ್ಸಿಯಂ ಇಲ್ಲದ ಸಮುದ್ರದ ನೀರಿನಲ್ಲಿ ಬಿಡಿಸಿದರೆ ನಾಲ್ಕೂ ಪೂರ್ತಿ ಪುಟ್ಟ ಮರಿಗಳಾಗುತ್ತವೆ. ಈ ಅಂಡಗಳ ನಾಲ್ಕು ಕೋಶಗಳನ್ನು ಹಾಗೆ ಬಿಡಿಸಿದಾಗ ಒಂದು ಇಲ್ಲಿ ನಿಂತಿತು, ಇನ್ನೊಂದು ಅಲ್ಲಿ ನಿಂತಿತು, ಒಂದೊಂದರ ಕೊರತೆ ಒಂದೊಂದು ಥರ. ಅಂಡವನ್ನು ಅಲುಗಾಡಿಸಿ ನಾಲ್ಕರ ಬದಲು ಮೂರೇ ತುದಿ ಆಗುವಂತೆ ಮಾಡಿದಾಗ ನೂರಕ್ಕೆ ಸುಮಾರು ಎಂಟು ಸರಿಯಾಗಿ ಬೆಳೆದವು. ನಾಲ್ಕು ತುದಿಯವು ಸರಿಯಾಗಿ ಬೆಳೆದದ್ದು ತೀರಾ ಅಪರೂಪ. ಮೂರು ಪಾಲಾದಾಗ ಪ್ರತಿಯೊಬ್ಬರಿಗೂ ಪೂರ್ತಿ ಕಟ್ಟು ಸಿಗುವ ಅದೃಷ್ಟ ಜಾಸ್ತಿ, ಅಷ್ಟೇ ವ್ಯತ್ಯಾಸ.

ಕೊರತೆ ಸಂಖ್ಯೆಯದ್ದಾಗಿದ್ದರೆ ಎಲ್ಲ ಒಂದೇ ರೀತಿ ಕೆಡಬೇಕಿತ್ತು. ಹಾಗಾಗಲಿಲ್ಲ. ಅಂದರೆ ಕ್ರೋಮೋಸೋಮ್‌ಗಳು ಒಂದೇ ಅಕ್ಕಿಯ ಕಾಳುಗಳಲ್ಲ, ಅಡುಗೆಮನೆಯ ಬೇರೆಬೇರೆ ಡಬ್ಬಿಗಳು. ಉಪ್ಪು ಎರಡು ಡಬ್ಬಿ ಇದ್ದು ಹುಣಸೆಹಣ್ಣೇ ಇಲ್ಲದಿದ್ದರೆ ಸಾರು ಆಗಲ್ಲ. 1902ರಲ್ಲಿ ಇದು ಪ್ರಕಟವಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ವಾಲ್ಟರ್ ಸಟನ್ ಮಿಡತೆಯ ಕೋಶಗಳಲ್ಲಿ ಬೇರೆ ದಾರಿಯಿಂದ ಹತ್ತಿರದ ಮಾತನ್ನೇ ಹೇಳುತ್ತಿದ್ದರು.

ಪ್ರಯೋಗಾಲಯಕ್ಕೆ ಹೊರಗಿನಿಂದ ಜನ ಬರುತ್ತಲೇ ಇದ್ದರು. ಲಿಂಗ ನಿರ್ಧರಿಸುವ ಕ್ರೋಮೋಸೋಮ್ ಗುರುತಿಸಿದ ನೆಟ್ಟಿ ಸ್ಟೀವನ್ಸ್ ಇಲ್ಲಿ ಕಲಿತು ಹೋದವರು. 1935ರಲ್ಲಿ ನೊಬೆಲ್ ಪಡೆದ ಹಾನ್ಸ್ ಸ್ಪೇಮನ್ ಇವರ ಶಿಷ್ಯ. ಕೊಲಂಬಿಯಾದ ಇ. ಬಿ. ವಿಲ್ಸನ್ ಕೋಶದ ಬಗೆಗಿನ ತಮ್ಮ ದೊಡ್ಡ ಗ್ರಂಥವನ್ನು 1896ರಲ್ಲಿ ಅರ್ಪಿಸಿದ್ದು ಗೆಳೆಯ ಬೊವೇರಿಗೇ.

1914ರಲ್ಲಿ ಬೊವೇರಿ ಕ್ಯಾನ್ಸರ್ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅವರು ಗಡ್ಡೆಗಳ ತಜ್ಞರಲ್ಲ, ಅದನ್ನು ಅವರೂ ಮುಚ್ಚಿಡಲಿಲ್ಲ. ನೇಪಲ್ಸ್‌ನ ಅಂಡಗಳಲ್ಲಿ ಕಂಡದ್ದೇ ಅವರ ಬಂಡವಾಳ. ಕದಿರು ಕೆಟ್ಟು ಪಾಲು ತಪ್ಪಿದರೆ ಹೆಚ್ಚಿನ ಕೋಶಗಳು ಸಾಯುತ್ತವೆ, ಆದರೆ ಎಲ್ಲೋ ಒಂದಕ್ಕೆ ಅಂಕೆಯಿಲ್ಲದೆ ಬೆಳೆಯುವಂಥ ಕ್ರೋಮೋಸೋಮ್ ಕೂಟ ಸಿಕ್ಕಿಬಿಟ್ಟರೆ? ಗಡ್ಡೆ ಶುರುವಾಗೋದು ಅಂಥ ಒಂದೇ ಒಂದು ಕೋಶದಿಂದ ಅಂತ ಅವರ ವಾದ. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. ಇವತ್ತು ಕ್ಯಾನ್ಸರ್ ಜೀವವಿಜ್ಞಾನದ ಚರಿತ್ರೆ ಬರೆಯುವವರು ಆ ಪುಸ್ತಕವನ್ನು ಬಿಟ್ಟು ಬರೆಯೋದಿಲ್ಲ.

ಅದಕ್ಕೂ ಸ್ವಲ್ಪ ಮುಂಚೆ ಬರ್ಲಿನ್‌ನಿಂದ ಕರೆ ಬಂದಿತ್ತು. ಹೊಸದಾಗಿ ಕಟ್ಟುತ್ತಿದ್ದ ಕೈಸರ್ ವಿಲ್ಹೆಲ್ಮ್ ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬನ್ನಿ ಅಂತ. ಯಾರುಯಾರು ಇರಬೇಕು ಅನ್ನುವ ಯೋಜನೆಯನ್ನೂ ಅವರೇ ಹಾಕಿಕೊಟ್ಟರು. ಸ್ಪೇಮನ್, ಓಟ್ಟೋ ವಾರ್ಬುರ್ಗ್, ರಿಚರ್ಡ್ ಗೋಲ್ಡ್‌ಷ್ಮಿಟ್ ಅಂಥವರ ಹೆಸರು ಅದರಲ್ಲಿತ್ತು. ಕೊನೆಗೆ ಮೈಯಲ್ಲಿ ಶಕ್ತಿ ಇಲ್ಲ ಅಂತ ತಾವು ಮಾತ್ರ ಹಿಂದೆ ಸರಿದರು. ನಿರ್ದೇಶಕರ ಜಾಗಕ್ಕೆ ಕಾರ್ಲ್ ಕೊರೆನ್ಸ್ ಬಂದರು.

ಉಳಿದಿದ್ದ ಶಕ್ತಿಯನ್ನು ಒಂದು ಹಳೇ ಲೆಕ್ಕ ತೀರಿಸಲು ಬಳಸಿದರು. 1889ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅವರು ಸೀ ಅರ್ಚಿನ್ ಅಂಡವನ್ನು ಅಲುಗಾಡಿಸಿ ಒಡೆದು, ಕೋಶಕೇಂದ್ರ ಇಲ್ಲದ ಚೂರಿಗೆ ಬೇರೆ ಜಾತಿಯ ವೀರ್ಯಾಣು ಸೇರಿಸಿದ್ದರು. ಹುಟ್ಟಿದ ಮರಿ ಅಪ್ಪನ ಹಾಗೇ ಇತ್ತು, ಹಾಗಾಗಿ ಅನುವಂಶಿಕ ಗುಣಗಳ ನೆಲೆ ಕೋಶಕೇಂದ್ರವೇ ಅಂತ ತೀರ್ಮಾನಿಸಿದ್ದರು. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಹೆಸರು ತಂದ ಪ್ರಯೋಗ ಅದು. ಆದರೆ ಆ ಚೂರಿನಲ್ಲಿ ನಿಜವಾಗಿಯೂ ಕೋಶಕೇಂದ್ರದ ತುಣುಕು ಉಳಿದಿರಲಿಲ್ಲವೇ ಅನ್ನುವ ಅನುಮಾನವನ್ನು ಬೇರೆಯವರು ಎತ್ತಿದರು, ಕ್ರಮೇಣ ಅವರಿಗೂ ಅದು ಬಂತು. ತೀರ್ಮಾನ ಹೇಗೂ ಸರಿಯೇ ಇತ್ತು, ಎಲ್ಲರೂ ಒಪ್ಪಿಯೂ ಆಗಿತ್ತು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬೊವೇರಿ ಸುಮ್ಮನಿರಲಿಲ್ಲ. ಯುದ್ಧ ಶುರುವಾದ ಆ ವರ್ಷಗಳಲ್ಲಿ, ಕಾಯಿಲೆಯ ನಡುವೆ, ನೇಪಲ್ಸ್‌ನಿಂದ ತಂದಿದ್ದ ಹಳೇ ಸಾಮಗ್ರಿಯನ್ನು ಮತ್ತೆ ಒಂದೊಂದಾಗಿ ಪರೀಕ್ಷಿಸಿದರು. ಪ್ರಯೋಗ ಮೋಸಹೋಗುವ ಎರಡು ದಾರಿಗಳನ್ನು ಪತ್ತೆ ಹಚ್ಚಿ ಬರೆದಿಟ್ಟರು.

1915ರ ಅಕ್ಟೋಬರ್ 15ರಂದು, ಐವತ್ತಮೂರು ತುಂಬಿದ ಮೂರೇ ದಿನಕ್ಕೆ, ವ್ಯೂರ್ಟ್ಸ್‌ಬುರ್ಗ್‌ನಲ್ಲಿ ತೀರಿಕೊಂಡರು. ತಮ್ಮದೇ ಪ್ರಯೋಗವನ್ನು ಬಿಡಿಸಿ ಹಾಕಿದ ಆ ಪ್ರಬಂಧ 1918ರಲ್ಲಿ ಅಚ್ಚಾಯಿತು.

ಮಾರ್ಸೆಲ್ಲಾ ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಅಮೆರಿಕಕ್ಕೆ ಮರಳಿದರು. ಅರವತ್ತು ದಾಟಿದ್ದ ಅವರು ನ್ಯೂ ಹೇವನ್‌ನ ಆಲ್ಬರ್ಟಸ್ ಮ್ಯಾಗ್ನಸ್ ಕಾಲೇಜಿನಲ್ಲಿ ವಿಜ್ಞಾನ ವಿಭಾಗವನ್ನು ಕಟ್ಟಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಗಂಡನ ಕ್ಯಾನ್ಸರ್ ಪುಸ್ತಕವನ್ನು ಇಂಗ್ಲಿಷಿಗೆ ತಂದವರೂ ಅವರೇ, 1929ರಲ್ಲಿ. ಜರ್ಮನ್ ಬಾರದ ಜಗತ್ತು ಬೊವೇರಿ ಅವರನ್ನು ಓದಿದ್ದು ಆ ಅನುವಾದದಲ್ಲಿ.